ಹೊಸ ಮನೆಗೆ ಒರಿಜಿನಲ್ ಚಿತ್ರ: ಗೋಡೆಗೆ ಒಂದು ಮಳೆಗಾಲ ಕೊಡಿ

ಪ್ರಶ್ನೆ: ಶಿವಮೊಗ್ಗದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೇವೆ. ಬಣ್ಣದ ಕೆಲಸ ಈಗಷ್ಟೇ ಮುಗಿದಿದೆ, ಲೈಟ್ ಫಿಟ್ಟಿಂಗ್ ಬಾಕಿ ಇದೆ. ಮುಂದಿನ ತಿಂಗಳು ಗೃಹಪ್ರವೇಶ. ಹಾಲ್‌ನಲ್ಲಿ ಸೋಫಾ ಹಿಂದೆ 14 ಅಡಿ ಅಗಲದ ಖಾಲಿ ಗೋಡೆ, ಎದುರಿಗೆ ಪಶ್ಚಿಮದ ದೊಡ್ಡ ಕಿಟಕಿ. ಇಂಟೀರಿಯರ್‌ನವರು ಐದು ಪೀಸಿನ ಕ್ಯಾನ್ವಾಸ್ ಸೆಟ್ ತೋರಿಸಿ, "ಹ್ಯಾಂಡ್ ಫಿನಿಶ್ ಮಾಡಿದ ಒರಿಜಿನಲ್" ಅನ್ನುತ್ತಿದ್ದಾರೆ. ನಮಗೆ ಕಲಾವಿದರಿಂದಲೇ ಕೊಳ್ಳುವ ಆಸೆ. 80 ಸಾವಿರ ತೆಗೆದಿಟ್ಟಿದ್ದೇವೆ. ಮೆಟ್ಟಿಲ ಪಕ್ಕದ ಗೋಡೆಗೆ ನೇರವಾಗಿ ಚಿತ್ತಾರ ಬರೆಸಬಹುದಾ? ಅತ್ತೆಯವರಿಗೆ ದೇವರ ಮನೆಗೆ ಮೈಸೂರು ಶೈಲಿಯ ಚಿತ್ರ ಬೇಕು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೊಸ ಮನೆಗೆ ಶುಭಾಶಯ. ಗೃಹಪ್ರವೇಶದ ದಿನ ಆ 14 ಅಡಿ ಗೋಡೆ ಖಾಲಿಯೇ ಇರಲಿ ಬಿಡಿ. ಬಂದವರು "ಇಲ್ಲೇನೂ ಹಾಕಿಲ್ವಾ?" ಅಂತ ಕೇಳುತ್ತಾರೆ, ಕೇಳಲಿ. ಈಗ ಖರ್ಚು ಮಾಡಬೇಕಿರುವುದು ಬೆಳಕಿಗೆ. ಚಿತ್ರ ತರುವುದಕ್ಕೆ ಒಂದು ಮಳೆಗಾಲ ಕಳೆಯಲಿ. ಅಷ್ಟರಲ್ಲಿ ಗೋಡೆಯೂ ಆರುತ್ತದೆ, ನಿಮ್ಮ ಕಣ್ಣೂ ಪಳಗುತ್ತದೆ.

ಕಾರಣ ಗೋಡೆಯೊಳಗೇ ಇದೆ. ಕಟ್ಟುವಾಗ, ಪ್ಲಾಸ್ಟರ್ ಮಾಡುವಾಗ, ಆಮೇಲೆ ದಿನಾ ಕ್ಯೂರಿಂಗ್ ಅಂತ ಪೈಪ್ ಹಿಡಿದಾಗ ಗೋಡೆ ಕುಡಿದ ನೀರು ಪೂರ್ತಿ ಹೊರಗೆ ಹೋಗಲು ತಿಂಗಳುಗಟ್ಟಲೆ ಬೇಕು. ಪುಟ್ಟಿ, ಪ್ರೈಮರ್, ಎಮಲ್ಷನ್ ಬಿದ್ದ ಮೇಲೆ ಅದು ಇನ್ನೂ ನಿಧಾನ. ಕೈಯಿಟ್ಟು ನೋಡಿದರೆ ಒಣಗಿದಂತೆಯೇ ಇರುತ್ತದೆ. ಅದರ ಮೇಲೆ ದೊಡ್ಡ ಫ್ರೇಮ್ ನೇತುಹಾಕಿದರೆ ಆ ಜಾಗಕ್ಕೆ ಗಾಳಿ ನಿಂತುಹೋಗುತ್ತದೆ, ತೇವ ಫ್ರೇಮಿನ ಹಿಂದೆ ಸೇರಿಕೊಳ್ಳುತ್ತದೆ. ಕಾಗದದ ಚಿತ್ರ ಅಲೆ ಅಲೆಯಾಗಿ ಉಬ್ಬುತ್ತದೆ. ಕ್ಯಾನ್ವಾಸ್ ಸಡಿಲವಾಗುತ್ತದೆ. ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫ್ರೇಮಿನ ಹಿಂದಿನ ಗೋಡೆ ಒಣಗುತ್ತಾ? ಹೊಸ ಸಿಮೆಂಟಿನಲ್ಲಿ ಕ್ಷಾರ ಬೇರೆ ಜಾಸ್ತಿ. ತೇವದ ಜೊತೆ ಉಪ್ಪು ಹೊರಗೆ ಬಂದು ಗೋಡೆ ಬಿಳಿ ಪುಡಿ ಬಿಡುವುದನ್ನು ನೀವೂ ನೋಡಿರುತ್ತೀರಿ.

ಪರೀಕ್ಷೆ ಮಾಡುವುದು ಸುಲಭ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು 2 ಅಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಒಳಗೆ ಹನಿ ಕಟ್ಟಿದ್ದರೆ, ಅಥವಾ ಅಷ್ಟು ಜಾಗದ ಬಣ್ಣ ಮಾತ್ರ ಗಾಢವಾಗಿ ಕಂಡರೆ ಗೋಡೆ ಇನ್ನೂ ನೀರು ಬಿಡುತ್ತಿದೆ. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಮಾಡಿ. ಬಚ್ಚಲು ಮನೆಗೆ ಅಂಟಿಕೊಂಡ ಗೋಡೆಗೆ ಮತ್ತು ಹೊರಗಿನಿಂದ ನೇರ ಮಳೆ ಹೊಡೆಯುವ ಗೋಡೆಗೆ ಕಾಗದದ ಮೇಲಿನ ಚಿತ್ರವನ್ನು ಯಾವ ಕಾಲದಲ್ಲೂ ಹಾಕಬೇಡಿ. ಹೊಸ ಪ್ಲೈವುಡ್, ಅಂಟು, ಪಾಲಿಶ್ ಇವುಗಳ ವಾಸನೆ ಹೋಗುವವರೆಗೂ ಕಾಯುವುದು ಒಳ್ಳೆಯದು. ಆ ಆವಿ ಬಣ್ಣಕ್ಕೂ ಲೋಹಕ್ಕೂ ಒಳ್ಳೆಯದಲ್ಲ.

ಇನ್ನು ಬೆಳಕು. ಫಿಟ್ಟಿಂಗ್ ಬಾಕಿ ಇದೆ ಅಂದಿರಲ್ಲ, ತುಂಬ ಒಳ್ಳೆಯದಾಯಿತು. ಸೋಫಾ ಗೋಡೆಯ ಮುಂದೆ ಸೀಲಿಂಗ್‌ನಲ್ಲಿ, ತಿರುಗಿಸಲು ಬರುವ ಎರಡು ಸ್ಪಾಟ್ ಲೈಟಿಗೆ ಈಗಲೇ ಪಾಯಿಂಟ್ ಬಿಡಿಸಿ. ಬೆಳಕು ಚಿತ್ರದ ಮೇಲೆ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಬೇಕು. ತೀರಾ ಮೇಲಿನಿಂದ ಬಿದ್ದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಕೂರುತ್ತದೆ. ತೀರಾ ಮುಂದಿನಿಂದ ಬಿದ್ದರೆ ಗಾಜಿನಲ್ಲಿ ಬಲ್ಬೇ ಕಾಣುತ್ತದೆ. ಎಲ್‌ಇಡಿ ಕೊಳ್ಳುವಾಗ ಡಬ್ಬದ ಮೇಲೆ ಎರಡು ಸಂಖ್ಯೆ ನೋಡಿ. ಬಣ್ಣದ ತಾಪ 2700 ರಿಂದ 3000 ಕೆಲ್ವಿನ್ ಇರಲಿ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90 ಅಥವಾ ಅದಕ್ಕಿಂತ ಮೇಲಿರಲಿ. ಸಿಆರ್‌ಐ ಕಡಿಮೆ ಇರುವ ಬಿಳಿ ಲೈಟಿನಲ್ಲಿ ಕೆಂಪು ಬಣ್ಣ ಸತ್ತೇ ಹೋಗುತ್ತದೆ. ಕೆಮ್ಮಣ್ಣಿನ ಚಿತ್ತಾರ ಇಷ್ಟಪಡುವ ನಿಮಗೆ ಇದು ಮುಖ್ಯ.

ಬೆಳಕು ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಬೇಕಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ. ದೀಪ ಹಿಡಿದ ಹೆಣ್ಣಿನ ಚಿತ್ರ ಅಲ್ಲಿದೆ. ತುಂಬಾ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಬರೆದವರು ಎಸ್. ಎಲ್. ಹಳದಣಕರ್. ಕಾಗದದ ಮೇಲಿನ ಜಲವರ್ಣ ಅದು. ಸುತ್ತ ಕತ್ತಲು ಮಾಡಿ ಇಟ್ಟಿರುವುದರಿಂದಲೇ ಅವಳ ಬೆರಳ ಸಂದಿಯಲ್ಲಿ ದೀಪ ನಿಜವಾಗಿ ಉರಿಯುತ್ತಿದೆ ಅನಿಸುತ್ತದೆ. ಜಲವರ್ಣ ಬಾಳಿಕೆ ಬರಲಿ ಅಂತ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ ಬೆಳಕು ಕೊಡುತ್ತವೆ. ತೈಲವರ್ಣಕ್ಕೆ 200ರವರೆಗೆ. ನಿಮ್ಮ ಪಶ್ಚಿಮದ ಕಿಟಕಿಯಿಂದ ಸಂಜೆ ನೇರ ಬಿಸಿಲು ಬಿದ್ದಾಗ ಆ ಗೋಡೆಯ ಮೇಲೆ ಸಾವಿರಾರು ಲಕ್ಸ್ ಇರುತ್ತದೆ. ಹಾಗಾಗಿ ಅಲ್ಲಿಗೆ ಜಲವರ್ಣ, ಇಂಕ್, ನೈಸರ್ಗಿಕ ಬಣ್ಣದ ಬಟ್ಟೆ ಯಾವುದೂ ಬೇಡ. ಒಳ್ಳೆಯ ದರ್ಜೆಯ ಅಕ್ರಿಲಿಕ್ ಅಥವಾ ತೈಲವರ್ಣ ಇರಲಿ, ಜೊತೆಗೆ ಕಿಟಕಿಗೆ ಒಂದು ಪರದೆ. ಈ ವರ್ಷ ಬಿಸಿಲು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಬರುತ್ತದೆ ಅಂತ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕುತ್ತಾ ಹೋಗಿ. ಈ ಲೆಕ್ಕ ಅಲ್ಲಿ ವಾಸ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ.

ಐದು ಪೀಸಿನ ಸೆಟ್ಟಿಗೆ ಬರೋಣ. "ಹ್ಯಾಂಡ್ ಫಿನಿಶ್" ಅಂದರೆ ಬಹಳ ಸಲ ಇಷ್ಟೇ: ಕ್ಯಾನ್ವಾಸ್ ಮೇಲೆ ಮೆಷಿನ್ ಪ್ರಿಂಟ್ ತೆಗೆದು, ಅದರ ಮೇಲೆ ಪಾರದರ್ಶಕ ಜೆಲ್ ಎಳೆದು ಬ್ರಷ್ಷಿನ ಗುರುತು ಬರುವಂತೆ ಮಾಡಿರುತ್ತಾರೆ. ಅವರನ್ನು ಬೈಯಬೇಕಿಲ್ಲ, ಆದರೆ ಒರಿಜಿನಲ್ ಅಂತ ಹಣ ಕೊಡಬೇಕಾಗಿಯೂ ಇಲ್ಲ. ನೀವೇ ನೋಡಿ. ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕ್ಯಾನ್ವಾಸಿನ ಪಕ್ಕದಿಂದ, ಮೇಲ್ಮೈಗೆ ತಾಗುವ ಹಾಗೆ ಹಿಡಿಯಿರಿ. ಕೈಯಿಂದ ಬರೆದ ಚಿತ್ರದಲ್ಲಿ ಬಣ್ಣದ ದಪ್ಪ ಮತ್ತು ಚಿತ್ರದ ಗೆರೆ ಒಟ್ಟಿಗೆ ಹೋಗುತ್ತವೆ. ಎಲೆ ಎಲ್ಲಿ ತಿರುಗುತ್ತದೋ ಬ್ರಷ್ಷೂ ಅಲ್ಲೇ ತಿರುಗಿರುತ್ತದೆ. ಜೆಲ್ ಹಚ್ಚಿದ ಪ್ರಿಂಟ್‌ನಲ್ಲಿ ಉಬ್ಬು ಒಂದು ಕಡೆಗೆ, ಚಿತ್ರ ಇನ್ನೊಂದು ಕಡೆಗೆ. ಆಮೇಲೆ ಒಂದು ಭೂತಗನ್ನಡಿ ತಗೊಂಡು ತೆಳು ಬಣ್ಣದ ಜಾಗ ನೋಡಿ, ಆಕಾಶ ಇದ್ದರೆ ಆಕಾಶ. ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಪ್ರಿಂಟ್. ಕೊನೆಗೆ ಅಂಚನ್ನೂ ಹಿಂಬದಿಯನ್ನೂ ನೋಡಿ. ಬರೆದ ಕ್ಯಾನ್ವಾಸಿನ ಅಂಚಿನಲ್ಲಿ ಬಣ್ಣ ಹರಿದಿರುತ್ತದೆ, ಬೆರಳಿನ ಗುರುತಿರುತ್ತದೆ, ಹಿಂದೆ ಸಾಮಾನ್ಯವಾಗಿ ಹೆಸರು, ವರ್ಷ ಇರುತ್ತದೆ.

ಆದರೆ ಪ್ರಿಂಟ್ ಅಂದ ತಕ್ಷಣ ನಕಲಿ ಅಂದುಕೊಳ್ಳಬೇಡಿ. ಎಚಿಂಗ್, ಲಿಥೋಗ್ರಾಫ್, ಮರದಚ್ಚು ಇವೆಲ್ಲ ಕಲಾವಿದರೇ ಫಲಕ ತಯಾರಿಸಿ ತೆಗೆಯುವ ಅಚ್ಚುಗಳು, ಅವು ಒರಿಜಿನಲ್ಲೇ. ಕೆಳಗೆ ಪೆನ್ಸಿಲ್‌ನಲ್ಲಿ 7/25 ಅಂತ ಬರೆದು ಸಹಿ ಹಾಕಿರುತ್ತಾರೆ. 25ರಲ್ಲಿ 7ನೆಯ ಪ್ರತಿ ಅಂತ ಅರ್ಥ. ಪೇಂಟಿಂಗ್‌ಗಿಂತ ಕಡಿಮೆ ಬೆಲೆಗೆ ಸಿಗುವುದರಿಂದ ಮೊದಲ ಸಲ ಕೊಳ್ಳುವವರಿಗೆ ಇವನ್ನು ನಾನು ಮನಸಾರೆ ಹೇಳುತ್ತೇನೆ. ಯಾಕೋ ನಮ್ಮ ಮನೆಗಳಲ್ಲಿ ಇವಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಸೋಫಾ ಬಣ್ಣಕ್ಕೆ ಹೊಂದಿಸಿ ಚಿತ್ರ ಆರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೋಫಾ ಬಟ್ಟೆ ಕೆಲವೇ ವರ್ಷಕ್ಕೆ ಬದಲಾಗುತ್ತದೆ. ಚಿತ್ರ ಮಕ್ಕಳ ಕಾಲಕ್ಕೂ ಇರುತ್ತದೆ. ಹೊಂದಬೇಕಾದದ್ದು ಅಳತೆ. ಸೋಫಾ 7 ಅಡಿ ಇದ್ದರೆ ಚಿತ್ರ ಫ್ರೇಮ್ ಸೇರಿ ಅದರ ಮೂರನೇ ಎರಡು ಭಾಗ, ಅಂದರೆ ಸುಮಾರು ನಾಲ್ಕೂವರೆ ಅಡಿ ಅಗಲ ಇದ್ದರೆ ಚೆನ್ನ. ಸೋಫಾ ಬೆನ್ನಿನಿಂದ 6ರಿಂದ 8 ಇಂಚು ಮೇಲೆ ಶುರುವಾಗಲಿ. ಉಳಿದ ಗೋಡೆ ಖಾಲಿ ಇದ್ದರೆ ನಷ್ಟವಿಲ್ಲ. ಸೋಫಾ ಇಲ್ಲದ ಕಡೆ ಚಿತ್ರದ ನಡುಭಾಗ ನೆಲದಿಂದ ಸುಮಾರು 58 ಇಂಚು ಎತ್ತರದಲ್ಲಿರಲಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹಿರಿಯರ ಫೋಟೋ ಹಾಕುವ ಎತ್ತರಕ್ಕೇ ಚಿತ್ರಗಳನ್ನೂ ಹಾಕಿಬಿಡುತ್ತಾರೆ, ಕತ್ತೆತ್ತಿ ನೋಡಬೇಕು. ನೆಲದ ಮೇಲೆ, ದಿವಾನದ ಮೇಲೆ ಕೂತು ಮಾತಾಡುವ ಕೋಣೆಯಾದರೆ ಇನ್ನೂ ಕೆಳಗೆ ಹಾಕಿ.

ಕೊಳ್ಳುವ ಮೊದಲು ಹಳೇ ಪೇಪರ್‌ಗಳನ್ನು ಅದೇ ಅಳತೆಗೆ ಜೋಡಿಸಿ ಗೋಡೆಗೆ ಅಂಟಿಸಿ ವಾರ ಬಿಡಿ. ಅಂಗಡಿಯಲ್ಲಿ ದೊಡ್ಡದಾಗಿ ಕಂಡದ್ದು 14 ಅಡಿ ಗೋಡೆಯ ಮೇಲೆ ಅಂಚೆಚೀಟಿಯಂತೆ ಕಾಣಬಹುದು.

ಎಲ್ಲಿ ನೋಡಬೇಕು? ಜನವರಿಯಲ್ಲಿ, ಸಾಮಾನ್ಯವಾಗಿ ಮೊದಲ ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆ ಬದಿಯಲ್ಲಿ ತಮ್ಮ ಕೆಲಸ ಇಟ್ಟುಕೊಂಡು ಕೂತಿರುತ್ತಾರೆ. ನೂರು ರೂಪಾಯಿಯಿಂದ ಲಕ್ಷಗಳವರೆಗೆ ಸಿಗುತ್ತದೆ. ನಿಮ್ಮ ಗೋಡೆ ಆರುವ ಹೊತ್ತಿಗೆ ಸರಿಯಾಗಿ ಬರುತ್ತದೆ ನೋಡಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮೊದಲ ಸುತ್ತು ಸುಮ್ನೆ ನೋಡಿ. ಇಷ್ಟವಾದವರ ಹತ್ತಿರ ನಿಂತು ಮಾತಾಡಿ, ನಂಬರ್ ತಗೊಳ್ಳಿ, ಆಮೇಲೆ ಅವರ ಸ್ಟುಡಿಯೋಗೇ ಹೋಗಿ. ಒಂದು ಚಿತ್ರ ಚೆನ್ನಾಗಿ ಬಂದಿರುವುದು ಬೇರೆ, ಆ ಕೈಯ ಇಪ್ಪತ್ತು ಕೆಲಸಗಳನ್ನು ಒಟ್ಟಿಗೆ ನೋಡುವುದು ಬೇರೆ. ಇಪ್ಪತ್ತನ್ನೂ ನೋಡಿದ ಮೇಲೂ ಮೊದಲಿನದೇ ಮನಸ್ಸಿನಲ್ಲಿ ಉಳಿದರೆ ಅದನ್ನೇ ತನ್ನಿ.

ನಿಮಗೆ ಹತ್ತಿರದಲ್ಲೇ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ ಕಾವಾ ಅನ್ನುವುದು. ಇಂಥ ಕಾಲೇಜುಗಳ ಕೊನೆಯ ವರ್ಷದ ಪ್ರದರ್ಶನಗಳನ್ನು ತಪ್ಪಿಸಬೇಡಿ. ಅಲ್ಲಿ ಕೊಳ್ಳುವ ಒಂದು ಚಿತ್ರ ಒಬ್ಬ ಹುಡುಗಿಯ ಮುಂದಿನ ಆರು ತಿಂಗಳ ಕ್ಯಾನ್ವಾಸಿಗೂ ಬಣ್ಣಕ್ಕೂ ಆಗಬಹುದು. ನನಗೆ ಇದಕ್ಕಿಂತ ಒಳ್ಳೆಯ ಖರ್ಚು ಗೊತ್ತಿಲ್ಲ. ಕಣ್ಣು ಪಳಗಿಸಲು ಬೆಂಗಳೂರಿನಲ್ಲಿ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ.

80 ಸಾವಿರವನ್ನು ಹೇಗೆ ಹಂಚುವುದು? ನಾನಾದರೆ ಅದರಲ್ಲಿ 15ರಿಂದ 20 ಸಾವಿರವನ್ನು ಲೈಟಿಗೂ ಫ್ರೇಮಿಗೂ ಎತ್ತಿಡುತ್ತೇನೆ. ಉಳಿದದ್ದರಲ್ಲಿ ಹಾಲ್‌ಗೆ ಒಂದು ದೊಡ್ಡ ಚಿತ್ರ. ಅತ್ತೆಯವರ ಚಿತ್ರಕ್ಕೆ ಒಂದು ಪಾಲು. ಮಿಕ್ಕಿದರೆ ಒಂದು ಎಚಿಂಗ್. ಎಲ್ಲ ಗೋಡೆಗೂ ಒಂದೇ ವರ್ಷದಲ್ಲಿ ಬೇಕು ಅಂತ ಹೊರಟರೆ ಯಾವುದೂ ಒಳ್ಳೆಯದು ಬರುವುದಿಲ್ಲ. ಕೆಲವು ಕಲಾವಿದರು ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಗಾಬರಿಯಾಗಬೇಡಿ, ಅದು ರೂಢಿ. ಬೆಲೆ ಹೆಚ್ಚಾಯಿತು ಅನಿಸಿದರೆ ಕಂತಿನಲ್ಲಿ ಕೊಡಬಹುದಾ ಅಂತ ಕೇಳಿ, ಇಲ್ಲವೇ ಅವರದೇ ಚಿಕ್ಕ ಕೆಲಸ ಕೇಳಿ. ಸೊಪ್ಪಿನ ಅಂಗಡಿಯ ಚೌಕಾಸಿ ಮಾತ್ರ ಬೇಡ.

ಬಿಲ್ಲಿನಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ ಇಷ್ಟೂ ಬರೆಸಿಕೊಳ್ಳಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಚಿತ್ರ ನಿಮ್ಮದಾದರೂ ಅದರ ಕಾಪಿರೈಟ್ ಸಾಮಾನ್ಯವಾಗಿ ಕಲಾವಿದರ ಹತ್ತಿರವೇ ಉಳಿಯುತ್ತದೆ, ಅವರು ಇರುವವರೆಗೂ, ಆಮೇಲೆ 60 ವರ್ಷವೂ. ಅದನ್ನು ಕಂಪನಿ ಕ್ಯಾಲೆಂಡರಿಗೆ ಅಚ್ಚು ಹಾಕಿಸಬೇಕಿದ್ದರೆ ಒಪ್ಪಿಗೆ ಕೇಳಬೇಕು.

ಫ್ರೇಮ್ ಹಾಕುವವರಿಗೆ ಹೇಳಬೇಕಾದದ್ದು ಸ್ವಲ್ಪ ಇದೆ. ಕಾಗದದ ಚಿತ್ರಕ್ಕೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಬೇಕು. ಮಾಮೂಲಿ ರಟ್ಟು ಹಾಕಿದರೆ ಕೆಲ ವರ್ಷದಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಸಣ್ಣ ಸಂದು ಇರಬೇಕು. ಸೆಲ್ಲೋ ಟೇಪ್, ಫೆವಿಕಾಲ್ ಚಿತ್ರದ ಹತ್ತಿರ ಬರಲೇಬಾರದು. ತೈಲವರ್ಣಕ್ಕೆ ಗಾಜು ಬೇಕಿಲ್ಲ. ಹೊಸ ತೈಲಚಿತ್ರವಾದರೆ ವಾರ್ನಿಷ್‌ಗೆ ಆರು ತಿಂಗಳಿಂದ ವರ್ಷದವರೆಗೆ ಕಾಯುವುದು ವಾಡಿಕೆ. ಯಾವಾಗ ಹಚ್ಚಬೇಕು ಅಂತ ಕಲಾವಿದರನ್ನೇ ಕೇಳಿ. ಮುಖ್ಯವಾಗಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಅಥವಾ ಕಾರ್ಕ್ ಬಿಲ್ಲೆ ಅಂಟಿಸಿ ಗೋಡೆಯಿಂದ ಅರ್ಧ ಇಂಚು ಎದ್ದು ನಿಲ್ಲುವಂತೆ ಮಾಡಿಸಿ. ಮಲೆನಾಡಿನಲ್ಲಿ ಈ ಅರ್ಧ ಇಂಚಿನ ಗಾಳಿಯೇ ಚಿತ್ರ ಕಾಯುವುದು. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಇಳಿಸಿ ಹಿಂಬದಿ ನೋಡಿ. ಗೆದ್ದಲು, ಕಾಗದ ತಿನ್ನುವ ಹುಳ ಬರುವುದು ಹಿಂದಿನಿಂದಲೇ.

ಮೊಳೆ ಹೊಡೆಯುವ ಮುಂಚೆ ನಿಮ್ಮ ಗೋಡೆ ಯಾವುದರದ್ದು ಅಂತ ಮೇಸ್ತ್ರಿಯನ್ನು ಕೇಳಿ. ಹಗುರದ ಎಎಸಿ ಬ್ಲಾಕ್ ಆದರೆ ಅದಕ್ಕೇ ಮಾಡಿದ ಫಾಸ್ಟ್‌ನರ್ ಬೇಕು, ಮಾಮೂಲಿ ಪ್ಲಗ್ ಕಿತ್ತು ಬರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಲೇಬೇಡಿ. ಅಲ್ಲಿ ಒಳಗೆ ವೈರ್ ಹೋಗಿರುತ್ತದೆ.

ಚಿತ್ತಾರದ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಹಿಡಿದು, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಗೆರೆ ನಿಮ್ಮ ಜಿಲ್ಲೆಯ ಸ್ವತ್ತು. ಅದು ನಿಮ್ಮ ಮನೆಯಲ್ಲಿರಲೇಬೇಕು. ಆದರೆ ಎಮಲ್ಷನ್ ಹೊಡೆದ ನುಣುಪು ಗೋಡೆ ಆ ಬಣ್ಣಗಳನ್ನು ಮಣ್ಣಿನ ಗೋಡೆಯ ಹಾಗೆ ಹಿಡಿದುಕೊಳ್ಳುವುದಿಲ್ಲ. ಎರಡು ದಾರಿ ಇವೆ. ಬಟ್ಟೆ ಅಥವಾ ಕೈಕಾಗದದ ಮೇಲೆ ಬರೆಸಿ ಫ್ರೇಮ್ ಹಾಕಿಸುವುದು ಒಂದು. ಇಲ್ಲವೇ ಮೆಟ್ಟಿಲ ಗೋಡೆಯಷ್ಟಕ್ಕೆ ಎಮಲ್ಷನ್ ಕೆರೆಸಿ, ಬರೆಯುವವರು ಹೇಳಿದಂತೆ ಮಣ್ಣಿನ ಲೇಪ ಕೊಡಿಸುವುದು. ನನ್ನ ಆಯ್ಕೆ ಎರಡನೆಯದು, ಅದೂ ಮಳೆಗಾಲ ಕಳೆದ ಮೇಲೆ. ಬರೆಯುವವರಿಗೆ ವಿನ್ಯಾಸದ ಪ್ರಿಂಟ್‌ಔಟ್ ಕೊಟ್ಟು "ಹೀಗೇ ಬರಲಿ" ಅನ್ನಬೇಡಿ. ಹಸೆ ಗೋಡೆಯ, ಅಂದರೆ ಚಿತ್ತಾರ ಬರೆಯುವ ಗೋಡೆಯ ಲೆಕ್ಕ ಅವರ ಕೈಯಲ್ಲಿದೆ. ದಿನದ ಕೂಲಿ ಅಂತ ಎಣಿಸದೆ ಕಲಾವಿದರಿಗೆ ಕೊಡುವ ಹಾಗೆ ಹಣ ಕೊಡಿ, ಮೂಲೆಯಲ್ಲಿ ಹೆಸರು ಬರೆಯಲು ಹೇಳಿ.

ಗೋಡೆಗೇ ಬರೆಸಿದರೆ ಮುಂದೆ ಬಣ್ಣ ಹೊಡೆಸುವಾಗ ಏನು ಮಾಡುವುದು ಅಂತ ಈಗಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆದಿಡಿ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಿ, 5 ಲಕ್ಷ ಪರಿಹಾರವನ್ನೂ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಗೋಡೆ ನಮ್ಮದಾದರೂ ಕೆಲಸದ ಮೇಲೆ ಕಲಾವಿದರಿಗೆ ಹಕ್ಕಿದೆ ಅಂತ ನಮ್ಮ ಕಾನೂನು ಒಪ್ಪಿದೆ.

ಕೊನೆಗೆ ಅತ್ತೆಯವರ ಚಿತ್ರ. ಮೈಸೂರು ಶೈಲಿಯದನ್ನು ಕೇಳಿದರೆ ಕೆಲವು ಅಂಗಡಿಯಲ್ಲಿ ತಂಜಾವೂರಿನದನ್ನು ಮುಂದಿಡುತ್ತಾರೆ. ತಂಜಾವೂರಿನದು ದಪ್ಪ ಉಬ್ಬು, ಕಲ್ಲು ಕೂರಿಸಿದ್ದು. ಮೈಸೂರಿನದರಲ್ಲಿ ಗೆಸ್ಸೊ, ಅಂದರೆ ಬಿಳಿ ಪುಡಿ ಮತ್ತು ಅಂಟು ಕಲಸಿದ ಲೇಪದ ಉಬ್ಬು ತೆಳು, ದಾರದ ಎಳೆಯಷ್ಟು ಸಣ್ಣ. ಅದರ ಮೇಲೆ ಚಿನ್ನದ ರೇಕು ಕೂರಿಸಿ ಉಜ್ಜಿ ಹೊಳಪು ತರುತ್ತಾರೆ. ಇಲ್ಲೂ ಅದೇ ಟಾರ್ಚ್ ಪಕ್ಕದಿಂದ ಹಿಡಿದು ದೇವಿಯ ಕಿರೀಟ, ಸೀರೆಯ ಅಂಚು ನೋಡಿ. ಗೆರೆ ಎಲ್ಲೂ ಕಡಿಯದೆ, ಕೂಡುವ ಕಡೆ ಮುದ್ದೆಯಾಗದೆ ಹರಿದಿದ್ದರೆ ಒಳ್ಳೆಯ ಕೈ. ಆಮೇಲೆ ಮುಖ ನೋಡಿ, ಕಣ್ಣು ನೋಡಿ. ಚಿನ್ನ ಎಷ್ಟಿದ್ದರೂ ಮುಖದಲ್ಲಿ ಕಳೆ ಇಲ್ಲದಿದ್ದರೆ ಬೇಡ. ರೇಕು ಅಸಲಿ ಚಿನ್ನದ್ದು ಅಂತ ಬಿಲ್ಲಿನಲ್ಲಿ ಬರೆಸಿ. ಹಿತ್ತಾಳೆ ಬೆರೆತ ರೇಕು ನಮ್ಮ ತೇವಕ್ಕೆ ಕ್ರಮೇಣ ಕಪ್ಪಾಗುತ್ತದೆ.

ದೇವರ ಮನೆಯಲ್ಲಿ ಅದನ್ನು ದೀಪದ ನೇರ ಮೇಲೆ ಹಾಕಬೇಡಿ. ಎಣ್ಣೆ ಹೊಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ. ಗಾಜು ಇರಲಿ, ಕುಂಕುಮ ಹೂವು ಏನಿದ್ದರೂ ಗಾಜಿನ ಆಚೆ. ಒದ್ದೆ ಬಟ್ಟೆಯಿಂದ ಗಾಜು ಒರೆಸುವಾಗ ನೀರು ಅಂಚಿನಿಂದ ಒಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಇದೊಂದನ್ನು ಮಾತ್ರ ಈಗಲೇ ಆರ್ಡರ್ ಕೊಡಬಹುದು, ಯಾಕೆಂದರೆ ಒಳ್ಳೆಯ ಕೈಯವರು ಮಾಡಿಕೊಡಲು ಹೇಗೂ ತಿಂಗಳುಗಳು ಬೇಕು. ದೇವರ ಮನೆಯ ಗೋಡೆಯ ಅಳತೆ, ದೀಪ ಎಲ್ಲಿ ಇಡುತ್ತೀರಿ ಅನ್ನುವುದು, ಯಾವ ದೇವರು ಅನ್ನುವುದು ಇಷ್ಟನ್ನೂ ಬರೆದುಕೊಂಡು, ಅತ್ತೆಯವರನ್ನೇ ಕರೆದುಕೊಂಡು ಮೈಸೂರಿಗೆ ಹೋಗಿ ಬನ್ನಿ.